ತಗಡಿನ ಕೆಳಗಿನ ಹುಲ್ಲು

ನವೆಂಬರ್ 11, ಸೋಮವಾರ

ಬಂದು ಮುಟ್ಟುವಾಗ ಮೂರು ಗಂಟೆ. ಓಸಾಕಾ ಬಿಟ್ಟು ತೆನ್ರಿ ದಾಟುವವರೆಗೆ ಅಗಲ ರಸ್ತೆ. ಹೆದ್ದಾರಿ ಇಳಿದದ್ದೇ ತಡ, ಎರಡೂ ಪಕ್ಕ ಸುಗಿ ಎಂಬ ಜಪಾನಿ ಸೀಡರ್ ಮರಗಳು ಒತ್ತಿಕೊಂಡು ನಿಂತವು. ನೆಟ್ಟ ಕಾಡು. ಮರಗಳೆಲ್ಲ ಒಂದೇ ಎತ್ತರ, ಒಂದೇ ದಪ್ಪ. ಕೆಳಗೆ ಬೆಳಕೇ ಇಳಿಯುವುದಿಲ್ಲ.

ಮಗನಿಗೆ ರಜೆ ಸಿಕ್ಕಿದ್ದು ಈ ವಾರ ಮಾತ್ರ. ಕ್ಯೋತೋದಲ್ಲಿ ಎಲೆ ಕೆಂಪಾಗುವ ಕಾಲವೆಂದು ಹೋಟೆಲುಗಳ ದರ ಕೇಳುವ ಹಾಗಿಲ್ಲ. "ಅಮ್ಮಾ, ನಾರಾ ಕಡೆ ಗುಡ್ಡದ ಮೇಲೆ ಒಂದು ಹಳೇ ಮನೆ ಬಾಡಿಗೆಗೆ ಸಿಗತ್ತೆ, ಅಡುಗೆನೂ ಮಾಡ್ಕೋಬಹುದು" ಅಂದ. ಅಡುಗೆಯ ಮಾತು ಕೇಳಿಯೇ ನಾನು ಹೂಂ ಅಂದದ್ದು. ಈ ದೇಶದಲ್ಲಿ ಬರೀ ಸೊಪ್ಪಿನ ಪಲ್ಯ ಅಂದುಕೊಂಡು ಬಾಯಿಗಿಟ್ಟರೂ ಅದನ್ನು ಬೇಯಿಸಿದ ನೀರಿಗೆ ಒಣ ಮೀನಿನ ಚಕ್ಕೆ ಬಿದ್ದಿರುತ್ತದೆ. ಓಸಾಕಾದಲ್ಲಿ ಹಸಿದೆವು ಅನ್ನುವಂತಿಲ್ಲ, ಆದರೆ ಪ್ರತಿ ತಟ್ಟೆಗೂ ಸೊಸೆ ವಿಚಾರಣೆ ನಡೆಸಬೇಕಾಗುತ್ತಿತ್ತು.

ಮನೆ ಊರಿನ ತುದಿಯಲ್ಲಿದೆ. ಇದರಾಚೆ ಟಾರು ರಸ್ತೆ ಮುಗಿದು ಕಾಡಿನ ದಾರಿ. ಕೆಳಗೆ ಏಳೆಂಟು ಮನೆಗಳಿವೆ, ಸಂಜೆ ದೀಪ ಹತ್ತಿದ್ದು ಮೂರರಲ್ಲೋ ನಾಲ್ಕರಲ್ಲೋ. ಗದ್ದೆ ಕೊಯ್ದಾಗಿದೆ. ಗದ್ದೆಗೆಲ್ಲ ಕಾಡುಹಂದಿಗೂ ಜಿಂಕೆಗೂ ಕರೆಂಟು ಬೇಲಿ.

ಮನೆಯೊಡತಿ ಎಪ್ಪತ್ತು ದಾಟಿದವರು. ಇಲ್ಲಿಂದ ಅರ್ಧ ಗಂಟೆ ದೂರದ ಪೇಟೆಯಲ್ಲಿ ಇರುತ್ತಾರೆ. ಪುಟ್ಟ ಬಿಳಿ ಟ್ರಕ್ಕು ಓಡಿಸಿಕೊಂಡು ಬಂದು ಬೀಗ ತೆಗೆದುಕೊಟ್ಟರು. ಅವರ ಮಾವ ಹುಟ್ಟಿ ಸತ್ತ ಮನೆಯಂತೆ. ಗ್ಯಾಸು, ಬಿಸಿನೀರು, ಸೀಮೆಎಣ್ಣೆ ಹೀಟರು, ಕಸದ ಡಬ್ಬಗಳು, ಎಲ್ಲ ತೋರಿಸಿದರು. ಕಸ ತೋರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ನನ್ನನ್ನೂ "ಒಕಾಸಾನ್" ಎಂದೇ ಕರೆದರು, ಅಮ್ಮಾ ಅಂತ. ನನಗಿಂತ ಎಂಟು ವರ್ಷಕ್ಕೆ ದೊಡ್ಡವರಾದರೂ.

ಐದು ಗಂಟೆಗೆ ಎಲ್ಲೋ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಮಕ್ಕಳ ಹಾಡಿನ ರಾಗ ಬಂತು. ಭೂಕಂಪ, ಪ್ರವಾಹದ ಮುನ್ಸೂಚನೆಗೆ ಹಾಕಿದ ಧ್ವನಿವರ್ಧಕ. ಕೆಡದೆ ಇದೆಯೇ ಎಂದು ದಿನವೂ ಪರೀಕ್ಷೆ ಮಾಡಿದ ಹಾಗೂ ಆಯಿತು, ಆಡುವ ಮಕ್ಕಳನ್ನು ಮನೆಗೆ ಕರೆದ ಹಾಗೂ ಆಯಿತು. ಈ ಊರಲ್ಲಿ ಮಕ್ಕಳು ಕಾಣಲಿಲ್ಲ.

ನವೆಂಬರ್ 12, ಮಂಗಳವಾರ

ಬೆಳಗ್ಗೆ ಎದ್ದು ನೋಡಿದರೆ ಇವರು ಹಾಸಿಗೆಯಲ್ಲಿಲ್ಲ. ಏಣಿ ಹತ್ತಿ ಅಟ್ಟ ಸೇರಿ, ಟಾರ್ಚು ಹಿಡಿದು ಕೂತಿದ್ದಾರೆ. ಮೂವತ್ತು ವರ್ಷ ಪಿಡಬ್ಲ್ಯುಡಿಯಲ್ಲಿ ಸಿಮೆಂಟು ಕಬ್ಬಿಣ ನೋಡಿದವರಿಗೆ ಮರ ಕಂಡರೆ ಹೀಗೆ. "ಇಲ್ಲಿ ಬಾರೇ, ಇದನ್ನ ನೋಡದೆ ಇದ್ರೆ ಬಂದದ್ದು ದಂಡ" ಎಂದು ಮೇಲಿಂದ ಕೂಗಿದರು. ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದೆ.

ಹೊರಗಿನಿಂದ ಕಾಣುವುದು ಕಂದು ಬಣ್ಣ ಬಳಿದ ತಗಡಿನ ಮಾಡು, ಬಲು ಕಡಿದಾದದ್ದು. ಅಷ್ಟು ಕಡಿದು ಯಾಕೆ ಅನ್ನುವುದು ಅಟ್ಟದಲ್ಲಿ ತಿಳಿಯಿತು. ತಗಡಿನ ಕೆಳಗೆ ಹುಲ್ಲಿನ ಮಾಡು ಇನ್ನೂ ಇದೆ, ಮೊಳದುದ್ದಕ್ಕಿಂತ ದಪ್ಪ. ಹುಲ್ಲನ್ನು ತೆಗೆಯದೆ ಮೇಲಿಂದ ತಗಡು ಮುಚ್ಚಿಬಿಟ್ಟಿದ್ದಾರೆ. ಒಳಗಡೆ ಬಿದಿರ ಗಳಗಳನ್ನು ಹುಲ್ಲುಹಗ್ಗದಲ್ಲಿ ಬಿಗಿದಿದೆ, ಒಂದು ಮೊಳೆ ಇಲ್ಲ. ತೊಲೆಗಳೋ, ಬಾಗಿದ ಪೈನ್ ಮರವನ್ನು ನೆಟ್ಟಗೆ ಮಾಡದೆ ಬಾಗಿದ ಹಾಗೇ ಕೂರಿಸಿದ್ದು. ಎಲ್ಲದರ ಮೇಲೂ ಮಸಿ. ಇವರು ಬೆರಳಿಂದ ಒಂದು ಕಡೆ ಉಜ್ಜಿದರು. ಮಸಿ ಕೈಗೆ ಹತ್ತಲಿಲ್ಲ, ಮೆರುಗು ಬಂದು ಹೊಳೆಯಿತು.

ಆ ಹೊಗೆಯ ಮೂಲ ಕೆಳಗಿನ ನಡುಮನೆಯಲ್ಲಿದೆ. ನೆಲದಲ್ಲೇ ಚೌಕಾಕಾರದ ಒಲೆಗುಂಡಿ, ಇರೋರಿ ಎನ್ನುತ್ತಾರೆ. ಮೇಲಿಂದ ಕೆಟಲು ತೂಗುಹಾಕುವ ಕೊಕ್ಕೆ. ಹೊಗೆಗೆ ಚಿಮಣಿ ಇಲ್ಲ, ಅದು ಅಟ್ಟಕ್ಕೆ ಏರಿ ಹುಲ್ಲಿನ ಸಂದಿಯಲ್ಲೇ ಹೊರಗೆ ಹೋಗಬೇಕು. ಹೋಗುವಾಗ ಹುಲ್ಲು ಒಣಗಿಸುತ್ತದೆ, ಹುಳ ಓಡಿಸುತ್ತದೆ. ಈಗ ಗುಂಡಿಗೆ ಹಲಗೆ ಮುಚ್ಚಿದೆ. ತಗಡಿನ ಕೆಳಗೆ ಅಷ್ಟೊಂದು ಒಣಹುಲ್ಲು ಇಟ್ಟುಕೊಂಡು, ಬಂದು ಹೋಗುವ ಅಪರಿಚಿತರ ಕೈಗೆ ಬೆಂಕಿ ಕೊಡುವ ಧೈರ್ಯ ಯಾರಿಗಿದೆ? ಹಾಗಾಗಿ ಹೊಗೆ ನಿಂತಿತು. ಹೊಗೆ ನಿಂತ ಮೇಲೆ ಹುಲ್ಲಿಗೆ ಕಾವಲು ಇಲ್ಲ.

ಇವರು ಅಟ್ಟದಲ್ಲೇ ಕೂತು ತೀರ್ಥಹಳ್ಳಿ ಕಡೆಯ ಭಾವನವರ ಮನೆ ನೆನಪಿಸಿಕೊಂಡರು. ಅಲ್ಲೂ ಹಂಚು ತೆಗೆಯದೆ ಮೇಲೆ ಶೀಟು ಹೊದಿಸಿದ್ದಾರೆ. ಮಂಗ ಹಂಚು ಒಡೆಯುತ್ತದೆ, ಮಳೆಗಾಲಕ್ಕೆ ಮುಂಚೆ ಕೈಯಾಡಿಸಲು ಆಳು ಸಿಗುವುದಿಲ್ಲ. ಮಲೆನಾಡಿನ ಅರ್ಧಕ್ಕರ್ಧ ಹಳೇ ಮನೆಗಳ ಕತೆ ಇದೇ. ಭಾವನವರ ಮೇಲೆ ಆಗ ಇವರು ರೇಗಿದ್ದರು, ಅಂದ ಕೆಡಿಸಿದೆ ಅಂತ. ಇವತ್ತು ಆ ಮಾತು ತೆಗೆಯಲಿಲ್ಲ.

ಸಂಜೆ ಮನೆಯೊಡತಿ ಹೆಗಲ ಚೀಲದಲ್ಲಿ ಮೂಲಂಗಿ ತಂದುಕೊಟ್ಟರು. ಮಗ ದುಭಾಷಿಯಾದ. ಹುಲ್ಲಿನ ಮಾಡನ್ನು ಹೊಸದಾಗಿ ಹೊದಿಸುವ ಖರ್ಚಿಗೆ ಪೇಟೆಯಲ್ಲಿ ಒಂದು ಸಣ್ಣ ಮನೆಯೇ ಬರುತ್ತದಂತೆ. ಹಿಂದೆ ಊರಿನವರೆಲ್ಲ ಸೇರಿ ವರ್ಷಕ್ಕೊಂದು ಮನೆ ಹೊದಿಸಿಕೊಡುತ್ತಿದ್ದರು. ಈಗ ಊರಿನವರೆಂದರೆ ಯಾರು? ಜಪಾನಿನಲ್ಲಿ 2023ರ ಸರ್ಕಾರಿ ಸಮೀಕ್ಷೆಯ ಪ್ರಕಾರ 90 ಲಕ್ಷ ಮನೆಗಳು ಖಾಲಿ, ನೂರಕ್ಕೆ 13.8. ಬಾಡಿಗೆಗೆ ಕೊಟ್ಟರೆ ಕಿಟಕಿಯಾದರೂ ತೆಗೆಯುತ್ತಾರೆ, ಗಾಳಿಯಾಡುತ್ತದೆ, ಅದಕ್ಕೇ ಕೊಡುತ್ತೇನೆ ಅಂದರು. ಅದಕ್ಕೂ ಲೆಕ್ಕವಿದೆ: 2018ರಲ್ಲಿ ಬಂದ ಕಾನೂನಿನಲ್ಲಿ ಇಂಥ ಮನೆಯನ್ನು ವರ್ಷಕ್ಕೆ 180 ದಿನ ಮಾತ್ರ ಅತಿಥಿಗಳಿಗೆ ಕೊಡಬಹುದು. ಕ್ಯೋತೋ, ಓಸಾಕಾದ ಗಲ್ಲಿಗಳಲ್ಲಿ ಪ್ರವಾಸಿಗರ ಕಾಟ ತಡೆಯಲು ಅದು ಸರಿ ಇರಬಹುದು. ಈ ತುದಿಯ ಮನೆಗೆ ಯಾರ ಕಾಟ ತಡೆಯಬೇಕಿತ್ತೋ ನನಗೆ ತಿಳಿಯದು.

ನವೆಂಬರ್ 13, ಬುಧವಾರ

ಇಂದು ಮುರೋಜಿ.

ಹೊಳೆಗೆ ಕೆಂಪು ಬಣ್ಣದ ಕಮಾನು ಸೇತುವೆ. ದಾಟಿದರೆ ದೇವಸ್ಥಾನ, ದೇವಸ್ಥಾನದ ಹಿಂದೆ ಬೆಟ್ಟ. ಎಂಟನೆಯ ಶತಮಾನದ ಕೊನೆಯಲ್ಲಿ ಯಮಾಬೆ ಎಂಬ ಯುವರಾಜನಿಗೆ ಕಾಯಿಲೆಯಾದಾಗ ಈ ಬೆಟ್ಟದಲ್ಲಿ ಪ್ರಾರ್ಥನೆ ನಡೆಯಿತು. ಗುಣವಾಯಿತು, ಅವನೇ ಮುಂದೆ ಕಮ್ಮು ಚಕ್ರವರ್ತಿಯಾದ. ನಾರಾದ ಕೋಫುಕುಜಿಯ ಭಿಕ್ಷು ಕೆಂಕೆಯಿ ಇಲ್ಲಿ ದೇವಸ್ಥಾನ ಎಬ್ಬಿಸಿದ. ಶಿಂಗೋನ್ ಎಂಬ ಬೌದ್ಧ ಪಂಥ ಇಲ್ಲಿಗೆ ಬಂದದ್ದು ಎಷ್ಟೋ ಕಾಲದ ಮೇಲೆ.

ಇದನ್ನು "ಹೆಂಗಸರ ಕೋಯಾ" ಎನ್ನುತ್ತಾರೆ. ಆ ಪಂಥದ ಮೂಲಗುರು ಕೂಕೈ ಕಟ್ಟಿದ ಕೋಯಾ ಬೆಟ್ಟಕ್ಕೆ 1872ರವರೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ, ಸರ್ಕಾರವೇ ನಿಷೇಧ ತೆಗೆಯಬೇಕಾಯಿತು. ಅದೇ ಪಂಥದ ಮುರೋಜಿ ಹೆಂಗಸರನ್ನು ಒಳಗೆ ಬಿಟ್ಟಿತು. ಶೋಗನ್ ತ್ಸುನಯೋಶಿಯ ತಾಯಿ ಕೇಶೋಯಿನ್ ಕೈಬಿಚ್ಚಿ ಕೊಟ್ಟು ಜೀರ್ಣೋದ್ಧಾರ ಮಾಡಿಸಿದಳು. ಬಾಗಿಲು ತೆರೆದಿಟ್ಟದ್ದು ದಯೆಯೋ, ಲೆಕ್ಕಾಚಾರವೋ, ಎರಡೂ ಇದ್ದೀತು. ಶಬರಿಮಲೆಯ ಗಲಾಟೆಯ ವರ್ಷ ಟಿವಿ ಮುಂದೆ ಕೂತು ಅತ್ತೆಯ ಹತ್ತಿರ ವಾದ ಮಾಡಿದ್ದು ನೆನಪಾಯಿತು. ಸೊಸೆಗೆ ಹೇಳಿದೆ. "ಗೆದ್ದಿದ್ದು ಯಾರು ಅತ್ತೆ?" ಅಂದಳು. ಇಬ್ಬರೂ ಮಾತು ಬಿಟ್ಟಿದ್ದೆವು, ಮೂರು ದಿನ.

ಎಲೆ ಇನ್ನೂ ಪೂರ್ತಿ ಕೆಂಪಾಗಿಲ್ಲ. ಈ ವರ್ಷ ಸೆಕೆ ಬಿಡಲೇ ಇಲ್ಲ, ಎಲ್ಲ ಕಡೆ ತಡ. ಮೊದಲ ಕಲ್ಲಿನ ಮೆಟ್ಟಿಲು ಹತ್ತಿದರೆ ಹೊನ್ನ ಮಂಟಪ, ಮಾಡಿಗೆ ಮರದ ತೆಳು ಚಕ್ಕೆ ಹೊದಿಸಿದ್ದು. ಒಳಗೆ ಬುದ್ಧರ ಸಾಲು. ಮುಖ್ಯ ವಿಗ್ರಹದ ಬೆನ್ನಹಿಂದೆ ಹಲಗೆಯ ಮೇಲೆ ಬರೆದ ಮಂಡಲವಿದೆಯಂತೆ, ಇಂದ್ರನದು ಎನ್ನುತ್ತಾರೆ. ನಿಂತ ಜಾಗದಿಂದ ಕಾಣುವುದಿಲ್ಲ. ಇಂದ್ರನಿಗೆ ಗುಡಿ ಕಟ್ಟುವುದನ್ನು ನಾವು ಬಿಟ್ಟು ಎಷ್ಟು ಶತಮಾನವಾಯಿತೋ. ಅವನು ಇಲ್ಲಿ ಮರೆಯಲ್ಲಿ ಬದುಕಿಕೊಂಡಿದ್ದಾನೆ.

ಇನ್ನೊಂದು ಸುತ್ತು ಮೆಟ್ಟಿಲು, ಅದರ ತಲೆಗೆ ಐದು ಮಾಡಿನ ಗೋಪುರ. ಫೋಟೋ ನೋಡಿ ದೊಡ್ಡದೆಂದುಕೊಂಡು ಬಂದಿದ್ದೆ. ಎತ್ತರ 16 ಮೀಟರು. ಬಯಲಲ್ಲಿ ನಿಂತ ಐದಂತಸ್ತಿನ ಗೋಪುರಗಳಲ್ಲಿ ಈ ದೇಶದಲ್ಲೇ ಅತಿ ಚಿಕ್ಕದು. ಸುತ್ತಲಿನ ಸುಗಿ ಮರಗಳು ಇದರ ಎರಡು ಮೂರು ಪಟ್ಟು ಎತ್ತರ. ನಮ್ಮ ದೇವರ ಮನೆಯ ಮಂಟಪವನ್ನು ಯಾರೋ ಕಾಡಿನಲ್ಲಿ ಇಟ್ಟು ಹೋದ ಹಾಗಿದೆ.

1998ರ ಸೆಪ್ಟೆಂಬರ್ 22ರಂದು ಚಂಡಮಾರುತಕ್ಕೆ ಪಕ್ಕದ ಸುಗಿ ಮರವೊಂದು ಬಿತ್ತು. ಸುಮಾರು 50 ಮೀಟರು ಎತ್ತರದ ಮರ. ಬೀಳುವಾಗ ಒಂದು ಪಕ್ಕದ ಸೂರುಗಳನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಸೀಳಿಕೊಂಡೇ ಬಿತ್ತು. ಆದರೆ ನಡುಗಂಬ ಉಳಿಯಿತು. 2000ಕ್ಕೆ ದುರಸ್ತಿ ಮುಗಿಯಿತು. ದುರಸ್ತಿಯ ಕಾಲಕ್ಕೆ ಮರದ ಉಂಗುರ ಎಣಿಸಿದಾಗ ಕೆಲವು ತೊಲೆಗಳನ್ನು ಕಡಿದದ್ದು 794ರ ಆಸುಪಾಸು ಎಂದು ಗೊತ್ತಾಯಿತಂತೆ. ಅಪಘಾತವಾಗದಿದ್ದರೆ ವಯಸ್ಸು ಅಷ್ಟು ಖಚಿತವಾಗಿ ತಿಳಿಯುತ್ತಿರಲಿಲ್ಲ.

ಇವರು ಗೋಪುರದ ಒಂದು ಮೂಲೆಗೆ ಹೋಗಿ ಸೂರಿನ ಅಂಚನ್ನೇ ನೋಡುತ್ತ ನಿಂತರು. ನಾನೂ ನೋಡಿದೆ. ಅಂಚಿನಲ್ಲಿ ಪದರದ ಮೇಲೆ ಪದರ, ಪುಸ್ತಕದ ಹಾಳೆಗಳ ಅಂಚನ್ನು ಕತ್ತರಿಸಿದಷ್ಟು ನಯ. ಅದು ಹಿನೋಕಿ ಮರದ ತೊಗಟೆ. ಬದುಕಿರುವ, ಎಪ್ಪತ್ತು ಎಂಬತ್ತು ವರ್ಷ ದಾಟಿದ ಮರದಿಂದ ಹೊರ ತೊಗಟೆಯನ್ನು ಮಾತ್ರ ಸುಲಿಯುತ್ತಾರೆ. ಒಳ ತೊಗಟೆಗೆ ಗಾಯವಾಗದಿದ್ದರೆ ಮರ ಸಾಯುವುದಿಲ್ಲ, ಎಂಟು ಹತ್ತು ವರ್ಷದಲ್ಲಿ ಮತ್ತೆ ಸುಲಿಯಬಹುದು. ಬಿದಿರಿನ ಮೊಳೆ ಬಾಯಲ್ಲಿ ತುಂಬಿಕೊಂಡು ಒಂದೊಂದೇ ಹೊಡೆಯುತ್ತಾರೆ. ಇಷ್ಟೆಲ್ಲ ಮಾಡಿದ ಮಾಡು ಬಾಳುವುದು ಮೂವತ್ತು ನಲವತ್ತು ವರ್ಷ. ಆಮೇಲೆ ಮೊದಲಿಂದ. ಈ ಕಸುಬುಗಳನ್ನೆಲ್ಲ 2020ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದ್ದಾರೆ. "ಹನ್ನೆರಡು ನೂರು ವರ್ಷ ನಿಂತಿದೆ ಅಂತ ಬರೀತಾರೆ" ಅಂದರು ಇವರು, "ನಿಂತಿಲ್ಲ, ನಿಲ್ಲಿಸಿದ್ದಾರೆ."

ಒಳಗುಡಿಗೆ ಇನ್ನೂ ನಾನೂರರಷ್ಟು ಮೆಟ್ಟಿಲು. ಇಕ್ಕೆಲದಲ್ಲೂ ಜರೀಗಿಡ, ಬೆಚ್ಚನೆಯ ಸೀಮೆಯ ಜರೀಗಿಡಗಳು ಇಲ್ಲಿ ಬೆಳೆಯುತ್ತವೆಂದು ಅವಕ್ಕೂ ಸಂರಕ್ಷಣೆಯ ಫಲಕ ಹಾಕಿದ್ದಾರೆ. ನನ್ನ ಮೊಣಕಾಲು ಅರ್ಧದಲ್ಲೇ ಮಾತಾಡತೊಡಗಿತು. ಒಬ್ಬ ಅಜ್ಜಿ, ತೊಂಬತ್ತರ ಹತ್ತಿರ ಇರಬೇಕು, ಎರಡು ಕೋಲೂರಿ ನನ್ನನ್ನು ದಾಟಿ ಹೋದಳು. ಆಮೇಲೆ ನಾನೂ ನಿಲ್ಲಲಿಲ್ಲ.

ಇಳಿದ ಮೇಲೆ ಅಂಗಡಿಯಲ್ಲಿ ಸೊಸೆ ಛಾಯಾಗ್ರಾಹಕ ದೊಮೋನ್ ಕೆನ್‌ರ ಪುಸ್ತಕ ತೋರಿಸಿದಳು. 1939ರಿಂದ ಈ ಜಾಗಕ್ಕೆ ಬರುತ್ತಿದ್ದವರು. ಲಕ್ವ ಹೊಡೆದು ಗಾಲಿಕುರ್ಚಿ ಸೇರಿದ ಮೇಲೂ ಬಿಡಲಿಲ್ಲ. ಹಿಮ ಬಿದ್ದ ಮುರೋಜಿಯ ಫೋಟೋ ಅವರ ಹತ್ತಿರ ಇರಲಿಲ್ಲ. ಇಲ್ಲಿ ಹಿಮ ಬೀಳುವುದೂ ಅಪರೂಪ, ಬಿದ್ದರೂ ಬೇಗ ಕರಗುತ್ತದೆ. ಸೇತುವೆಯ ಪಕ್ಕದ ವಸತಿಯಲ್ಲಿ ಕಾದು ಕೂತು, 1978ರ ಮಾರ್ಚಿನಲ್ಲಿ, ಇನ್ನು ಬೀಳುವುದಿಲ್ಲ ಅನ್ನುವ ಹೊತ್ತಿಗೆ ಒಂದು ಬೆಳಗ್ಗೆ ಹಿಮ ಸಿಕ್ಕಿತು. ಆ ಫೋಟೋ ನೋಡಿದೆ. ಮೆಟ್ಟಿಲ ಮೇಲೆ ತೆಳ್ಳಗೆ ಬಿದ್ದಿದೆ, ಅಷ್ಟೇ.

ನವೆಂಬರ್ 14, ಗುರುವಾರ

ಮಳೆ. ಹೊರಗೆ ಹೋಗುವ ಮನಸ್ಸಿಲ್ಲ. ಕೊತಾತ್ಸು ಅನ್ನುವ ತಗ್ಗು ಮೇಜು, ಅದಕ್ಕೆ ರಜಾಯಿ ಹೊದಿಸಿ ಒಳಗೆ ಹೀಟರು. ಕಾಲು ತೂರಿಸಿ ಕೂತರೆ ಏಳುವವರು ಯಾರೂ ಇಲ್ಲ. ಬೆನ್ನು ಮಾತ್ರ ತಣ್ಣಗೆ. ಈ ಮನೆಗಳನ್ನು ಬೇಸಿಗೆಯ ಸೆಕೆಗೆಂದು ಕಟ್ಟಿದ್ದು, ಚಳಿಗಾಲವನ್ನು ಸಹಿಸಬೇಕು.

ತಗಡಿನ ಮೇಲೆ ಮಳೆ ಬಿದ್ದರೆ ಸದ್ದು ಜೋರಿರಬೇಕಿತ್ತು. ಇಲ್ಲ. ಕೆಳಗಿನ ಹುಲ್ಲು ಸದ್ದನ್ನು ಕುಡಿದುಬಿಡುತ್ತದೆ. ಭಾವನವರ ಮನೆಯಲ್ಲಿ ಶೀಟಿನ ಮೇಲೆ ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ.

ಗೋಡೆಯ ಮೊಳೆಗೆ ಅಂಟುಟೇಪಿನ ಸುರುಳಿ ಯಾಕೆ ತೂಗಿದೆಯೆಂದು ಇವತ್ತು ಗೊತ್ತಾಯಿತು. ಚಳಿ ಬೀಳುತ್ತಲೇ ಕಾಡಿನಿಂದ ಕಮೆಮುಶಿ ಎಂಬ ಗಬ್ಬು ತಿಗಣೆ ಮನೆಯೊಳಗೆ ಬರುತ್ತದೆ. ಚಪ್ಪಟೆ, ಗುರಾಣಿಯ ಆಕಾರ, ಉಗುರಿನಷ್ಟು ದೊಡ್ಡದು. ಹೊಡೆದರೆ, ಅಷ್ಟೇಕೆ, ಬೆದರಿಸಿದರೂ ಸಾಕು, ಕೊಳೆತ ಕೊತ್ತಂಬರಿಯ ನಾತ ಕೋಣೆಯೆಲ್ಲ. ಟೇಪನ್ನು ಮೆತ್ತಗೆ ಬೆನ್ನ ಮೇಲೆ ಇಳಿಸಿ, ಅದಕ್ಕೆ ತಿಳಿಯುವ ಮೊದಲೇ ಮಡಚಿಬಿಡಬೇಕು. ಸೊಸೆ ಇದರಲ್ಲಿ ಪಳಗಿದ್ದಾಳೆ. ಮಗ ದೂರ ನಿಂತು ಜಾಗ ತೋರಿಸುತ್ತಾನೆ.

ಮಧ್ಯಾಹ್ನಕ್ಕೆ ಸೋಮೆನ್. ಇಲ್ಲೇ ಹತ್ತಿರದ ಮಿವಾ ಎಂಬ ಊರು ಈ ಶಾವಿಗೆಯ ಹುಟ್ಟೂರು ಎನ್ನುತ್ತಾರೆ. ಕೈಯಿಂದಲೇ ಎಳೆದೆಳೆದು ದಾರದಷ್ಟು ಸಣ್ಣ ಮಾಡಿ ಚಳಿಗಾಲದಲ್ಲಿ ಒಣಗಿಸಿದ್ದು. ಕುದಿನೀರಲ್ಲಿ ಒಂದೂವರೆ ನಿಮಿಷ, ತಣ್ಣೀರಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಬೇಕು. ಊರಿಂದ ತಂದ ಸಾಸಿವೆ, ಕಡಲೆಬೇಳೆ, ಒಣಮೆಣಸು, ಕರಿಬೇವಿನ ಪುಡಿ ಹಾಕಿ ಒಗ್ಗರಣೆ ಕೊಟ್ಟು, ಮೇಲೆ ಯುಜು ಎಂಬ ಇಲ್ಲಿನ ಹುಳಿಹಣ್ಣು ಹಿಂಡಿದೆ. ಹಿಟ್ಟು ಕಲಸುವಾಗಲೇ ಉಪ್ಪು ಹಾಕಿರುತ್ತಾರಾದ್ದರಿಂದ ಬೇರೆ ಉಪ್ಪು ಬೇಡ. ಮನೆಯೊಡತಿ ಅಷ್ಟೊತ್ತಿಗೆ ಸೀಮೆಎಣ್ಣೆ ತಂದರು. ಒಂದು ಬಟ್ಟಲು ಕೊಟ್ಟೆ. ನಿಂತೇ ತಿಂದು, ಕಡಲೆಬೇಳೆಯೊಂದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದರು. ಇನ್ನೊಂದು ಬಟ್ಟಲು ಕೇಳಿದರು.

ಮಳೆ ಬಿಟ್ಟ ಮೇಲೆ ರ್‍ಯುಕೆತ್ಸು ಗುಡಿಗೆ ಹೋಗಿ ಬಂದೆವು, ನಾಗದ ಗುಹೆಯ ಗುಡಿ. ಅದರ ಹಿಂದಿನ ದಾರಿ ಹಿಡಿದು ಹೋದರೆ ಬಂಡೆಯ ಬಿರುಕು, ಎದುರಿಗೆ ಹಾಸುಬಂಡೆಯ ಮೇಲೆ ಜಾರುವ ನೀರು. ಬರ ಬಂದಾಗ ಕ್ಯೋತೋದ ಅರಮನೆಯಿಂದ ಇಲ್ಲಿಗೆ ಮಳೆಗಾಗಿ ಪ್ರಾರ್ಥಿಸಲು ದೂತರು ಬರುತ್ತಿದ್ದರು. ಬೆಟ್ಟವೆಲ್ಲ ಹಳೇ ಜ್ವಾಲಾಮುಖಿಯ ಕಲ್ಲು. ದೇವಸ್ಥಾನಕ್ಕಿಂತ ಈ ಗುಹೆ ಹಳೆಯದು; ಜನ ಮೊದಲು ಬಂದದ್ದು ನೀರಿಗೆ.

ನವೆಂಬರ್ 15, ಶುಕ್ರವಾರ

ಹೆಚ್ಚೇನಿಲ್ಲ. ಬೆಳಗ್ಗೆ ಕಾಯುವವರಿಲ್ಲದ ಅಂಗಡಿಯಿಂದ ಸೊಪ್ಪು, ಗೆಡ್ಡೆ. ಡಬ್ಬಿಗೆ ನೂರು ಯೆನ್ ಹಾಕಿ ಎತ್ತಿಕೊಳ್ಳುವುದು.

ಊರ ಸ್ಮಶಾನದ ಪಕ್ಕ ಹಾದುಬಂದೆವು. ಸಮಾಧಿಗಳ ಹಿಂದೆ ಎತ್ತರದ ಮರದ ಪಟ್ಟಿಗಳು. ಮೇಲಿನ ತುದಿ ಗೋಪುರದ ಹಾಗೆ ಕೊರೆದಿದೆ, ಕೆಳಗೆ ಕುಂಚದಲ್ಲಿ ಬರೆದ ಅಕ್ಷರ. ಜಪಾನಿ ಅಲ್ಲ. ಕೂಕೈ ಚೀನಾದಿಂದ ಕಲಿತು ತಂದ ಸಿದ್ಧಂ ಲಿಪಿ, ಸಂಸ್ಕೃತ. ಖ, ಹ, ರ, ವ, ಅ, ಮೇಲಿನಿಂದ ಕೆಳಕ್ಕೆ ಆಕಾಶ, ವಾಯು, ಅಗ್ನಿ, ಜಲ, ಪೃಥ್ವಿ. ಸತ್ತವರನ್ನು ಪಂಚಭೂತಕ್ಕೆ ಒಪ್ಪಿಸುವ ಕಾಗದ. ಇವರಿಗೆ "ರ" ಒಂದು ಗುರುತು ಸಿಕ್ಕಿತು. ಹೊಸ ಪಟ್ಟಿಗಳು ಕಡಿಮೆ, ಹಳೆಯವು ಮಳೆಗೆ ಬೆಳ್ಳಗಾಗಿವೆ. ಕೆಲವು ಸಮಾಧಿಗಳಿಗೆ ಹೂವೇ ಇಲ್ಲ. ಆ ಮನೆಗಳಿಗೆ ದೀಪವೂ ಇಲ್ಲದಿರಬೇಕು.

ನವೆಂಬರ್ 16, ಶನಿವಾರ

ಸೋನಿ ಹುಲ್ಲುಗಾವಲು. ಇಡೀ ಬೆಟ್ಟದಿಳಿಜಾರು ಸುಸುಕಿ ಹುಲ್ಲು, ಆಳೆತ್ತರ, ತೆನೆ ಬಿಳಿ. ಸಂಜೆಯ ಬಿಸಿಲು ಹಿಂದಿನಿಂದ ಬಿದ್ದರೆ ಚೆನ್ನ ಎಂದು ಎಲ್ಲರೂ ನಾಲ್ಕು ಗಂಟೆಗೇ ಬರುತ್ತಾರೆ, ಪಾರ್ಕಿಂಗಿಗೆ ಜಗಳ. ಮೊದಲು ಮಾಡಿಗೆ ಹೊದಿಸುವ ಹುಲ್ಲು ಇಂಥ ಬೆಟ್ಟಗಳಿಂದಲೇ ಬರುತ್ತಿತ್ತು. ಸುಮ್ಮನೆ ಬಿಟ್ಟರೆ ಕಾಡು ನುಗ್ಗುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಬೆಂಕಿ ಹಚ್ಚಿ ಸುಡುತ್ತಾರೆ. ಅಂದರೆ ಹುಲ್ಲು ಉಳಿದಿದೆ, ಅದನ್ನು ನೋಡಲು ದುಡ್ಡು ಕೊಟ್ಟು ಬರುವ ಜನ ಇದ್ದಾರೆ. ನಾವಿರುವ ಮನೆಯ ಮಾಡಿಗೆ ಮಾತ್ರ ಅದು ತಲುಪುವುದಿಲ್ಲ. ಇವರು ಒಂದು ಕಡ್ಡಿ ಮುರಿದು ಜೇಬಿಗಿಟ್ಟುಕೊಂಡರು. ಮುರಿಯಬಾರದೆಂದು ಫಲಕವಿದೆ ಅಂತ ಮಗ ಗದರಿದ.

ನವೆಂಬರ್ 17, ಭಾನುವಾರ

ಬೀಗದ ಕೈ ಪೆಟ್ಟಿಗೆಯಲ್ಲಿ ಹಾಕಿ ಹೊರಟೆವು. ಮನೆಯೊಡತಿ ರಸ್ತೆಯ ತಿರುವಿನವರೆಗೆ ಬಂದು, ಕಾರು ಮರೆಯಾಗುವವರೆಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದರು. ಸಿಪ್ಪೆ ತೆಗೆದು ದಾರಕ್ಕೆ ಪೋಣಿಸಿದ ಹಸಿ ಪರ್ಸಿಮನ್ ಹಣ್ಣು ಕೊಟ್ಟಿದ್ದಾರೆ, ಓಸಾಕಾದ ಬಾಲ್ಕನಿಯಲ್ಲಿ ಒಣಗಿಸಿ ಎಂದು. ಮುಂದಿನ ವರ್ಷ ಬನ್ನಿ ಅನ್ನಲಿಲ್ಲ. ಮಾಡಿನ ಉತ್ತರದ ಮೂಲೆಯಲ್ಲಿ ಸೋರಲು ಶುರುವಾಗಿದೆ, ಈ ಚಳಿಗಾಲ ನೋಡಿ ತೀರ್ಮಾನಿಸುತ್ತೇನೆ ಅಂದರಂತೆ. ಸೋರುವ ಜಾಗ ಅಟ್ಟದಲ್ಲಿ ಎಲ್ಲಿದೆಯೆಂದು ಇವರು ಚಿತ್ರ ಬರೆದು ಕೊಟ್ಟು ಬಂದಿದ್ದಾರೆ, ಅಳತೆ ಸಮೇತ.

ದಾರಿಯಲ್ಲಿ ಓನೊದೆರ ದೇವಸ್ಥಾನದ ಎದುರು ಐದು ನಿಮಿಷ. ಹೊಳೆಯಾಚೆಯ ಬಂಡೆಯಲ್ಲಿ ಗೆರೆ ಕೊರೆದು ಮಾಡಿದ ಮೈತ್ರೇಯ, 11 ಮೀಟರಿಗೂ ಮಿಕ್ಕಿ. 1209ರಲ್ಲಿ ಗೊ-ತೋಬಾ ನಿವೃತ್ತ ಚಕ್ರವರ್ತಿ ಬಂದು ಪ್ರತಿಷ್ಠೆ ನೋಡಿದ್ದ. ಇದಕ್ಕೆ ಮಾದರಿಯಾದ ಕಸಾಗಿ ಬೆಟ್ಟದ ಮೂರ್ತಿ 1331ರ ಯುದ್ಧದ ಬೆಂಕಿಯಲ್ಲಿ ಗೆರೆ ಅಳಿಸಿಹೋಗಿ ಬರೀ ಬಂಡೆಯಾಗಿದೆ. ನಕಲು ಉಳಿಯಿತು.

ಹಾಸೆದೆರ ದೇವಸ್ಥಾನಕ್ಕೆ ಬರುವಾಗ ಹನ್ನೊಂದೂಮುಕ್ಕಾಲು. ಮಾಡು ಹೊದಿಸಿದ ಮೆಟ್ಟಿಲ ದಾರಿ, 399 ಮೆಟ್ಟಿಲು, ಆದರೆ ತಗ್ಗು. ಮುರೋಜಿ ಹತ್ತಿದವರಿಗೆ ಇದು ಜಗಲಿ. ಮೇಲೆ ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯಿತು, ಗಂಟೆಗೋಪುರದಿಂದ ಭಿಕ್ಷುವೊಬ್ಬ ಶಂಖ ಊದಿದ. ದಿನವೂ ನಡುಹಗಲಿಗೆ ಊದುತ್ತಾರೆ. ಕೆಳಗೆ ಮೊಬೈಲು ಎತ್ತಿ ಹಿಡಿದ ಕೈಗಳು ಅಲ್ಲಾಡಲಿಲ್ಲ.

ಇಲ್ಲಿನ ದೇವರು ಹನ್ನೊಂದು ಮುಖದ ಕನ್ನೊನ್, 1538ರಲ್ಲಿ ಕೆತ್ತಿದ ಮರದ ವಿಗ್ರಹ, 10 ಮೀಟರಿಗೂ ಎತ್ತರ. ವಸಂತದಲ್ಲಿ ಮತ್ತು ಈ ಕಾಲದಲ್ಲಿ ಮಾತ್ರ ಬುಡದ ಕೋಣೆಗೆ ಬಿಡುತ್ತಾರೆ. ಒಳಗೆ ಹೋಗುವಾಗ ಮಣಿಕಟ್ಟಿಗೆ ಐದು ಬಣ್ಣದ ದಾರ ಕಟ್ಟಿದರು. ಕತ್ತಲೆ. ಮೇಲೆ ತಲೆಯೆತ್ತಿದರೆ ಮುಖ ಎಲ್ಲೋ ದೂರ. ಕಣ್ಣೆದುರಿಗಿರುವುದು ಪಾದ, ಜನ ಮುಟ್ಟಿ ಮುಟ್ಟಿ ಕಪ್ಪಗೆ ನುಣುಪಾದದ್ದು. ಮುಟ್ಟಿ ಎಂದೇ ಬಿಟ್ಟಿದ್ದಾರೆ. ಇಷ್ಟು ದಿನ ಈ ದೇಶದಲ್ಲಿ ಹಗ್ಗದಾಚೆ ನಿಂತು ದೇವರು ನೋಡಿದ್ದೇ ಆಗಿತ್ತು. ಎರಡೂ ಕೈಯಿಟ್ಟು, ಹಣೆ ಹಚ್ಚಿದೆ. ಮರ ಬೆಚ್ಚಗಿತ್ತು. ಹಿಂದಿನವರು ಕಾಯುತ್ತಿದ್ದುದರಿಂದ ಬೇಗ ಎದ್ದೆ.

ಹೊರಗೆ ಇವರು ಸೊಸೆಯನ್ನು ಕೇಳುತ್ತಿದ್ದರು, ದಾರ ಬಿಚ್ಚೋದೋ, ಇಟ್ಟುಕೊಳ್ಳೋದೋ ಎಂದು. ಇಟ್ಟುಕೊಳ್ಳಬಹುದು ಮಾವ ಅಂದಳು. ಸ್ನಾನಕ್ಕೆ ಬಣ್ಣ ಬಿಡತ್ತೆ ಅಂತ ನಾನು. ಬಿಡಲಿ ಅಂದರು. ಆಮೇಲೆ ಪೇಟೆಬೀದಿಯಲ್ಲಿ ಹಸಿರು ಸೊಪ್ಪು ಬೆರೆಸಿ ಕುಟ್ಟಿದ ಅಕ್ಕಿಯ ಮೋಚಿ, ಒಳಗೆ ಕೆಂಪು ಕಾಳಿನ ಹೂರಣ, ಕಬ್ಬಿಣದ ಹಂಚಿನ ಮೇಲೆ ಸುಡುತ್ತಿದ್ದರು. ತಲೆಗೆ ಎರಡೆರಡು ತಿಂದೆವು. ಮಗ ಮೂರು. ಓಸಾಕಾ ಮುಟ್ಟುವಾಗ ನಾಲ್ಕು ದಾಟಿತ್ತು, ಟ್ರಾಫಿಕ್ಕು.